ಏಳನೆಯ ದಿನದ ಮೀನು

ಬಹಳ ಹಿಂದಿನ ಮಾತು. ಹಿಮದ ಬೆಟ್ಟಗಳ ಕೆಳಗೆ ಮಂಜರಗಡ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಒಬ್ಬ ರಾಜನಿದ್ದ, ಒಂದು ಹೊಳೆಯಿತ್ತು, ಹತ್ತು ಸಾವಿರ ಕಂಚುಗಾರರಿದ್ದರು. ರಾಜನ ತಟ್ಟೆ ಕಂಚುಗಾರರು ಬಡಿದದ್ದು. ರಾಜನ ಗಂಟೆ ಕಂಚುಗಾರರು ಎರಕ ಹೊಯ್ದದ್ದು. ರಾಜ ಕೈ ತೊಳೆಯುವ ತಂಬಿಗೆಯೂ ಅವರದೇ ಕೆಲಸ. ರಾಜ ಏನನ್ನೂ ಮಾಡಿದವನಲ್ಲ.

ಆರು ದಿನ ಊರಿಗೆ ಊರೇ ಕಂಚು ಬಡಿಯುತ್ತಿತ್ತು. ಏಳನೆಯ ದಿನ ಯಾರೂ ಸುತ್ತಿಗೆ ಮುಟ್ಟುತ್ತಿರಲಿಲ್ಲ. ಆ ದಿನವನ್ನು ಯಾವ ರಾಜನೂ ಕೊಟ್ಟಿರಲಿಲ್ಲ. ಮುತ್ತಾತಂದಿರ ಕಾಲದಲ್ಲಿ ಕಂಚುಗಾರರು ಸುತ್ತಿಗೆ ಕೆಳಗಿಟ್ಟು ಎದ್ದು ನಡೆದಿದ್ದರು. ಅಂದಿನಿಂದ ಅದು ಅವರದಾಯಿತು. ಆ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಬಿಳಿಹೊಳೆಗೆ ಹೋಗಿ ಚುಕ್ಕೆಮೀನು ಹಿಡಿಯುತ್ತಿದ್ದರು.

ಬಿಳಿಹೊಳೆಯ ನೀರು ಹಿಮ ಕರಗಿ ಬಂದದ್ದು. ಅದರಲ್ಲಿನ ಚುಕ್ಕೆಮೀನಿಗೆ ಕಂದು ಬೆನ್ನು, ಬೆಣ್ಣೆ ಬಣ್ಣದ ಹೊಟ್ಟೆ, ಮೈತುಂಬ ಕೆಂಪು ಕಪ್ಪು ಚುಕ್ಕೆ. ಅದು ಹಿಟ್ಟಿನ ಉಂಡೆಗೆ ಬರುವುದಿಲ್ಲ, ಎರೆಹುಳಕ್ಕೆ ಬರುವುದಿಲ್ಲ, ಬಲೆ ಹಾಕಿದರೆ ನೀರಾಗಿ ಸೋರಿಹೋಗುತ್ತದೆ. ಅದು ಬರುವುದು ಗರಿಹುಳಕ್ಕೆ ಮಾತ್ರ. ಗರಿಹುಳ ಅಂದರೆ ಸಣ್ಣ ಕೊಕ್ಕೆಗೆ ಹಕ್ಕಿಯ ಗರಿ, ಮೊಲದ ತುಪ್ಪಳ, ರೇಷ್ಮೆಯ ಎಳೆ ಸುತ್ತಿ ಮಾಡಿದ ಸುಳ್ಳು ಹುಳ. ಕುದುರೆಬಾಲದ ಕೂದಲು ಹೊಸೆದ ದಾರದ ತುದಿಗೆ ಅದನ್ನು ಕಟ್ಟಬೇಕು. ಬಿದಿರ ಕೋಲನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಬೀಸಿ, ಹುಳ ತಾನಾಗಿ ಬಿದ್ದಂತೆ ನೀರಿನ ಮೇಲೆ ಇಳಿಸಬೇಕು.

ಒಂದು ಪದ್ಧತಿಯಿತ್ತು. ಮೊದಲು ಸಿಕ್ಕ ಮೀನನ್ನು ಬಿಟ್ಟುಬಿಡಬೇಕು. ಬಿಡುವ ಮುನ್ನ ಕೈಯನ್ನು ಹೊಳೆಯಲ್ಲಿ ಅದ್ದಬೇಕು. ಒಣಗೈ ತಾಗಿದರೆ ಮೀನಿನ ಮೈಯ ಲೋಳೆ ಕಿತ್ತುಬಂದು ಅದು ಬದುಕುವುದಿಲ್ಲ. ಕಂಚುಗಾರರ ಮಕ್ಕಳು ಮಾತು ಕಲಿಯುವ ಮೊದಲೇ ಇದನ್ನು ಕಲಿಯುತ್ತಿದ್ದರು.

ಆ ಊರಲ್ಲಿ ಮೌನಾಚಾರಿ ಎಂಬ ಕಂಚುಗಾರನಿದ್ದ. ಹೆಂಡತಿ ರುದ್ರವ್ವ, ಮಗ ಈರಣ್ಣ, ಮಗಳು ಕಾಳಮ್ಮ. ನಲವತ್ತು ವರ್ಷ ಬಡಿದು ಬಡಿದು ಮೌನಾಚಾರಿಯ ಕಿವಿ ಕೆಟ್ಟಿತ್ತು. ಆರನೆಯ ದಿನದ ಹೊತ್ತಿಗೆ ಅವನಿಗೆ ಏನೂ ಕೇಳುತ್ತಿರಲಿಲ್ಲ. ಏಳನೆಯ ದಿನ ಹೊಳೆಯ ಪಕ್ಕ ಅರ್ಧ ದಿನ ನಿಂತರೆ ಕಿವಿ ಮೆಲ್ಲಗೆ ತೆರೆಯುತ್ತಿತ್ತು.

"ಅಪ್ಪನ ಕಿವಿ ಬಂತಾ?" ಎಂದು ಈರಣ್ಣ ಕೇಳುತ್ತಿದ್ದ.

"ಬೈದು ನೋಡು, ಗೊತ್ತಾಗುತ್ತೆ" ಎನ್ನುತ್ತಿದ್ದಳು ರುದ್ರವ್ವ.

"ಈ ಮುದುಕನ ಕೊಕ್ಕೆಗೆ ಇವತ್ತೂ ಬರೀ ಕಲ್ಲೇ ಸಿಕ್ಕಿದ್ದು!"

"ನಿನ್ನ ಕೊಕ್ಕೆ ಮರದ ಮೇಲಿದೆ, ಮೊದಲು ಅದನ್ನು ಇಳಿಸ್ಕೊ ಹೋಗೋ" ಎಂದು ಮೌನಾಚಾರಿ ತಿರುಗಿ ನೋಡದೆ ಹೇಳುತ್ತಿದ್ದ. ಆಗ ಎಲ್ಲರೂ ಬುತ್ತಿ ಬಿಚ್ಚುತ್ತಿದ್ದರು. ಹೀಗೆ ಅವರು ಬದುಕಿದ್ದರು.

ರಾಜನ ಹೆಸರು ಅಜರಸೇನ. ಒಂದು ಬೆಳಿಗ್ಗೆ ಅವನು ಕನ್ನಡಿಯಲ್ಲಿ ತನ್ನ ಹುಬ್ಬಿನಲ್ಲಿ ಒಂದು ಬಿಳಿ ಕೂದಲು ಕಂಡ. ಹೆದರಿದ. ಹೆದರಿದ ರಾಜರು ಬೇರೆಯವರದನ್ನು ಕಸಿಯುತ್ತಾರೆ. ಅವನು ಆಸ್ಥಾನದ ಮಾಂತ್ರಿಕ ತಾಳಕೇತುವನ್ನು ಕರೆಸಿದ.

"ನಮಗೆ ಇನ್ನೆಷ್ಟು ದಿನ ಉಳಿದಿದೆ?"

"ಎಲ್ಲರಿಗಿರುವಷ್ಟೇ, ಮಹಾಸ್ವಾಮಿ."

"ಎಲ್ಲರಿಗಿರುವಷ್ಟೇ ಅಂದರೆ ರಾಜನಾಗಿ ಏನು ಬಂತು?"

"ಕಂಚುಗಾರರು ವಾರಕ್ಕೊಂದು ದಿನ ಮೊಣಕಾಲುದ್ದ ನೀರಲ್ಲಿ ನಿಂತು ಹಾಳುಮಾಡುತ್ತಾರೆ. ಆ ದಿನಗಳು ತಮ್ಮ ಹೊಟ್ಟೆಗೆ ಬಿದ್ದರೆ ತಾವು ಸಾವಿರ ವರ್ಷ ಬಾಳುತ್ತೀರಿ."

"ಅವರು ಒಪ್ಪುತ್ತಾರೆಯೆ?"

"ಕೇಳಿದರೆ ತಾನೇ, ಮಹಾಸ್ವಾಮಿ?"

ತಾಳಕೇತು ಅರಮನೆಯ ಮಾಳಿಗೆ ಹತ್ತಿ ತನ್ನ ಕರಿಯ ಕೋಲನ್ನು ಗಾಳಿಯಲ್ಲಿ ತಿರುವಿದ. ಬಟ್ಟೆಯಿಂದ ನೂಲೆಳೆದಂತೆ ವಾರದಿಂದ ಏಳನೆಯ ದಿನವನ್ನು ಎಳೆದ. ಅದನ್ನು ಮೂರು ತುಂಡು ಮಾಡಿದ: ಬೆಳಗು, ಮಧ್ಯಾಹ್ನ, ಸಂಜೆ. ಅರಮನೆಯ ಹಿಂದಿನ ಗುಡ್ಡದಲ್ಲಿ ಬಿಳಿಹೊಳೆ ಹುಟ್ಟುವ ಜಾಗದಲ್ಲಿ ಮೂರು ಮಡುಗಳಿದ್ದವು. ಒಂದೊಂದು ತುಂಡನ್ನು ಒಂದೊಂದು ಮಡುವಿಗೆ ಎಸೆದ. ಅಂದಿನಿಂದ ಮೊದಲ ಮಡುವಿನಲ್ಲಿ ಯಾವಾಗಲೂ ಬೆಳಗು, ಎರಡನೆಯದರಲ್ಲಿ ಯಾವಾಗಲೂ ಮಧ್ಯಾಹ್ನ, ಮೂರನೆಯದರಲ್ಲಿ ಯಾವಾಗಲೂ ಸಂಜೆ.

ಒಂದೇ ಒಂದು ಎಡವಟ್ಟಾಯಿತು. ಆ ದಿನಗಳು ಮೀನು ಹಿಡಿಯುವವರ ದಿನಗಳು. ನೀರಿಗೆ ಬಿದ್ದ ಕೂಡಲೆ ಅವು ಮೂರು ದೊಡ್ಡ ಚುಕ್ಕೆಮೀನುಗಳಾದವು. ರಾಜನ ಬೇಟೆಗಾರರು ಬಲೆ ಬೀಸಿದರು, ಮೀನು ನೀರಾಗಿ ಸೋರಿತು. ಚಿನ್ನದ ಗಾಳ ಹಾಕಿದರು, ಮೀನು ಮೂಸಿಯೂ ನೋಡಲಿಲ್ಲ. ರಾಜ ಖಾಲಿ ತಟ್ಟೆಯ ಮುಂದೆ ಕೂತ.

ಕೆಳಗೆ ಊರಿನಲ್ಲಿ ಜನ ಆರನೆಯ ದಿನ ಮಲಗಿ ಮೊದಲನೆಯ ದಿನ ಎದ್ದರು. ಸುತ್ತಿಗೆ ಹಿಡಿದರು. ಯಾರಿಗೂ ತಿಳಿಯಲಿಲ್ಲ. ತಿಳಿದದ್ದು ರುದ್ರವ್ವನಿಗೆ. ಅವಳು ದೋಸೆ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು ಮೂಗು ಮುಚ್ಚಿಕೊಂಡಳು.

"ಒಂದು ರಾತ್ರಿಗೆ ಹಿಟ್ಟು ಇಷ್ಟು ಹುಳಿ ಬರಲ್ಲ. ಇದು ಎರಡು ರಾತ್ರಿಯ ಹುಳಿ. ನಡುವೆ ಒಂದು ದಿನ ಇತ್ತು. ಯಾರೋ ಹೊಡೆದುಕೊಂಡು ಹೋಗಿದ್ದಾರೆ."

"ಅವ್ವ, ದಿನ ಏನು ಕೋಳಿಯಾ, ಹೊಡೆದುಕೊಂಡು ಹೋಗೋಕೆ?" ಎಂದ ಈರಣ್ಣ.

"ಮೂಸಿ ನೋಡು."

ಈರಣ್ಣ ಮೂಸಿದ. ತಾನೂ ಮೂಗು ಮುಚ್ಚಿಕೊಂಡ.

ವಾರಗಳು ಹೋದವು. ಬಿಡುವಿಲ್ಲದೆ ಕಂಚು ಬಡಿದವರ ಮೈ ಕಂಚಾಗತೊಡಗಿತು. ಮೊದಲು ಬೆರಳ ತುದಿ, ಆಮೇಲೆ ಅಂಗೈ. ಮೌನಾಚಾರಿ ಎಲ್ಲರಿಗಿಂತ ಹೆಚ್ಚು ವರ್ಷ ಬಡಿದವನು, ಅವನ ತೋಳು ಮೊಣಕೈವರೆಗೆ ಕಂಚಾಯಿತು, ಆಮೇಲೆ ಹೆಗಲವರೆಗೆ. ಕಿವಿ ಪೂರ್ತಿ ಮುಚ್ಚಿತು. ಅರಮನೆಯ ಮೇಲ್ವಿಚಾರಕ ಬಂದು ಅವನ ಕೈಯನ್ನು ಬೆರಳಿನಿಂದ ತಟ್ಟಿ, "ಒಳ್ಳೆಯದೇ ಆಯಿತು. ಇನ್ನು ಬೊಬ್ಬೆ ಬರುವುದಿಲ್ಲ" ಎಂದು ಹೇಳಿ ಹೋದ. ಕಂಚು ಹೆಗಲಿನಿಂದ ಎದೆಯ ಕಡೆಗೆ ಇಳಿಯುತ್ತಿತ್ತು. ಎದೆ ಕಂಚಾದರೆ ಮನುಷ್ಯ ಗೊಂಬೆ. ಇದು ಎಲ್ಲರಿಗೂ ಗೊತ್ತಿತ್ತು, ಮೇಲ್ವಿಚಾರಕನಿಗೂ.

ಆಗ ಡಂಗುರ ಬಂತು. "ಅರಮನೆಯ ಮಡುಗಳಲ್ಲಿ ಮೂರು ಮೀನುಗಳಿವೆ. ಮೂರನ್ನೂ ಹಿಡಿದು ರಾಜರ ತಟ್ಟೆಗೆ ಹಾಕಿದವರು ಕೇಳಿದ್ದನ್ನು ಕೊಡಲಾಗುವುದು. ಹಿಡಿಯಲಾಗದವರು ಅಲ್ಲೇ ಕಂಚಾಗುವರು."

"ನಾನು ಹೋಗ್ತೀನಿ" ಎಂದಳು ಕಾಳಮ್ಮ. "ಅಪ್ಪನನ್ನು ಮೊದಲಿನ ಹಾಗೆ ಮಾಡಿ ಅಂತ ಕೇಳ್ತೀನಿ."

"ನೀನು ಬೇಡ, ನಾನು ಹೋಗ್ತೀನಿ" ಎಂದ ಈರಣ್ಣ.

"ಅಣ್ಣ, ನೀನು ಹೋದರೆ ಅರಮನೆಯ ಮರಗಳನ್ನೆಲ್ಲ ಹಿಡಿದುಕೊಂಡು ಬರ್ತೀಯ."

ರುದ್ರವ್ವ ಬುತ್ತಿ ಕಟ್ಟಿದಳು. ಮೌನಾಚಾರಿಗೆ ಯಾರೂ ಏನೂ ಹೇಳಲಿಲ್ಲ, ಹೇಳಿದರೂ ಕೇಳುತ್ತಿರಲಿಲ್ಲ. ಅವನು ಮಗಳ ಕೈಯಲ್ಲಿ ಬಿದಿರ ಕೋಲು ನೋಡಿದ. ಕಂಚಿನ ತೋಳನ್ನು ಮೆಲ್ಲಗೆ ಎತ್ತಿ ಗೂಡಿನಲ್ಲಿದ್ದ ಕೆಂಪು ಗರಿಹುಳವನ್ನು ತೋರಿಸಿದ.

"ಅದನ್ನ ತಗೊಂಡು ಹೋಗು. ಅದಕ್ಕೆ ಬರುತ್ತೆ."

ಕಾಳಮ್ಮ ಆರನೆಯ ದಿನ ಹೊತ್ತು ಇಳಿಯುವ ಮೊದಲೇ ಗುಡ್ಡ ಹತ್ತಿದಳು. ಅರಮನೆಯ ಬೇಲಿ ದಾಟಿ ಒಳಗೆ ಕಾಲಿಟ್ಟಳು, ಅಲ್ಲಿ ಬೆಳಗಾಗಿತ್ತು.

ಮೊದಲ ಮಡುವಿನ ದಂಡೆಯಲ್ಲಿ ರಾಜ ಕೂತಿದ್ದ, ಪಕ್ಕದಲ್ಲಿ ತಾಳಕೇತು ನಿಂತಿದ್ದ, ಹಿಂದೆ ನೂರು ಭಟರಿದ್ದರು. ನೀರಿನ ನಡುವೆ ಕಬ್ಬಿಣದ ಕೊಕ್ಕರೆಯೊಂದು ಒಂದೇ ಕಾಲಲ್ಲಿ ನಿಂತಿತ್ತು.

"ಸುಳ್ಳು ಕಣ್ಣಿಗೆ ಬಿದ್ದರೆ ಕುಕ್ಕುತ್ತೇನೆ" ಎಂದಿತು ಕೊಕ್ಕರೆ. "ಎರಡು ಸಲ ಹುಳ ಕುಕ್ಕುತ್ತೇನೆ. ಮೂರನೆಯ ಸಲ ನಿನ್ನನ್ನೇ."

ಕಾಳಮ್ಮ ಅಪ್ಪನ ಕೆಂಪು ಗರಿಹುಳ ಬೀಸಿದಳು. ಅದು ಚೆನ್ನಾಗಿಯೇ ಇಳಿಯಿತು. ಕೊಕ್ಕರೆ ಕುಕ್ಕಿ ಎರಡು ತುಂಡು ಮಾಡಿತು.

"ಒಂದು. ಯಾರು ಕಟ್ಟಿದ್ದು ಇದನ್ನ? ಮದುವೆ ಮನೆಗೆ ಹೊರಟ ಹಾಗಿದೆ."

"ನಮ್ಮಪ್ಪ."

"ಅವನಿಗೆ ಬೆಳಗಿನ ಹುಳ ಗೊತ್ತಿಲ್ಲ."

ಅಪ್ಪನಿಗೆ ಗೊತ್ತಿತ್ತು. ಮರೆತಿದ್ದ. ಹೊಳೆಯ ಬೆಳಗು ನೋಡಿ ಎಷ್ಟೋ ವಾರಗಳಾಗಿದ್ದವು. ಕಾಳಮ್ಮ ಕೋಲು ಕೆಳಗಿಟ್ಟು ನೀರಿಗಿಳಿದು ಒಂದು ಕಲ್ಲನ್ನು ಮಗುಚಿದಳು. ಕಲ್ಲಿನ ಅಡಿಯಲ್ಲಿ ಮರಳಿನ ಕಾಳುಗಳನ್ನು ಅಂಟಿಸಿಕೊಂಡು ಗೂಡು ಮಾಡಿದ ಹುಳಗಳು ಕೂತಿದ್ದವು. ಬೆಳಗಿನ ಹೊತ್ತು ಹುಳ ಇನ್ನೂ ಮೇಲೆ ಹಾರಿರುವುದಿಲ್ಲ, ಮೀನು ತಳದಲ್ಲಿ ಮೇಯುತ್ತದೆ. ಅವಳು ದಂಡೆಯಲ್ಲಿ ಕೂತು ಕೊಕ್ಕೆಗೆ ಮೊಲದ ತುಪ್ಪಳ ಸುತ್ತಿದಳು, ಅದರ ಮೇಲೆ ಒದ್ದೆ ಮರಳು ಮೆತ್ತಿದಳು. ನೋಡಲು ಅದು ಏನೂ ಚೆನ್ನಾಗಿರಲಿಲ್ಲ. ಹರಿವಿನ ಮೇಲ್ಗಡೆಗೆ ಎಸೆದು ಮುಳುಗಲು ಬಿಟ್ಟಳು. ಅದು ತಳದಲ್ಲಿ ಉರುಳುತ್ತ ಕೊಕ್ಕರೆಯ ಕಾಲಿನ ಪಕ್ಕದಲ್ಲೇ ಹೋಯಿತು. ಕೊಕ್ಕರೆ ನೋಡಿತು, ಕಸ ಎಂದುಕೊಂಡಿತು. ದಾರ ನಿಂತಿತು. ಕಾಳಮ್ಮ ಕೋಲು ಎತ್ತಿದಳು.

ಬೆಳಗಿನ ಮೀನು ತೋಳಿನಷ್ಟು ಉದ್ದವಿತ್ತು. ಮೂರು ಸಲ ಓಡಿತು, ಮೂರು ಸಲ ದಂಡೆಗೆ ಬಂತು. ರಾಜ ಎದ್ದು ನಿಂತು ತಟ್ಟೆ ಚಾಚಿದ. ಕಾಳಮ್ಮ ಬಗ್ಗಿದಳು. ಅವಳ ಕೈ ತಾನೇ ನೀರಲ್ಲಿ ಅದ್ದಿಕೊಂಡಿತು. ಬೆರಳು ತಾವೇ ಕೊಕ್ಕೆ ಬಿಡಿಸಿದವು. ಅಂಗೈ ತಾನೇ ತೆರೆಯಿತು. ಮೀನು ಬಾಲ ಬಡಿದು ಹೊಳೆಯ ಜೊತೆ ಕೆಳಗೆ ಊರಿನ ಕಡೆಗೆ ಹೋಯಿತು.

"ಏನು ಮಾಡಿದೆ ಹುಡುಗಿ!" ಎಂದು ತಾಳಕೇತು ಚೀರಿದ.

ಕಾಳಮ್ಮ ತನ್ನ ಖಾಲಿ ಕೈ ನೋಡಿದಳು. "ಮೊದಲನೇ ಮೀನು... ಬಿಡಬೇಕು..." ಎಂದಳು.

"ಯಾರು ಹೇಳಿದ್ದು?" ಎಂದ ರಾಜ.

"ಯಾರೂ ಹೇಳಿಲ್ಲ. ಬಿಡ್ತೀವಿ, ಅಷ್ಟೇ."

ಕೊಕ್ಕರೆ ನಕ್ಕಿತು. ಕಬ್ಬಿಣದ ಕೊಕ್ಕರೆ ನಕ್ಕರೆ ಬಾಗಿಲ ಕೀಲು ಕಿರುಗುಟ್ಟಿದಂತಿರುತ್ತದೆ. ರಾಜ ಅವಳನ್ನು ಅಲ್ಲೇ ಕಂಚು ಮಾಡಿಸುತ್ತಿದ್ದ. ಆದರೆ ಇನ್ನೂ ಎರಡು ಮೀನು ಉಳಿದಿದ್ದವು, ಹಿಡಿಯಬಲ್ಲವಳು ಅವಳೊಬ್ಬಳೇ. "ಮೇಲಿನ ಮಡುವಿಗೆ ನಡೆ" ಎಂದ. "ಇನ್ನೊಂದು ಬಿಟ್ಟರೆ ನಿನ್ನಪ್ಪ ಅರಮನೆಯ ಬಾಗಿಲಲ್ಲಿ ದೀಪದ ಕಂಬವಾಗುತ್ತಾನೆ."

ಕಾಳಮ್ಮ ಅಳುತ್ತ ಮೇಲೆ ಹತ್ತಿದಳು. ಎರಡನೆಯ ಮಡುವಿನ ದಂಡೆಯಿಂದ ಊರು ಕಾಣುತ್ತಿತ್ತು. ಅವಳು ಕಣ್ಣೊರೆಸಿಕೊಂಡು ನೋಡಿದಳು. ಊರಿನಿಂದ ಸುತ್ತಿಗೆಯ ಸದ್ದು ಬರುತ್ತಿರಲಿಲ್ಲ. ಕುಲುಮೆಗಳಲ್ಲಿ ಹೊಗೆಯಿರಲಿಲ್ಲ, ಒಲೆಗಳಲ್ಲಿತ್ತು. ಬಿಳಿಹೊಳೆಯ ಎರಡೂ ದಂಡೆಗೆ ಜನ ಬುತ್ತಿ ಹಿಡಿದು, ಬಿದಿರ ಕೋಲು ಹೊತ್ತು ಬರುತ್ತಿದ್ದರು. ಊರಿಗೆ ಏಳನೆಯ ದಿನದ ಬೆಳಗು ವಾಪಸು ಬಂದಿತ್ತು.

ಆಗ ಅವಳಿಗೆ ಆ ಮೀನು ಏನೆಂದು ತಿಳಿಯಿತು.

"ಇವು ನಮ್ಮ ದಿನಗಳು" ಎಂದಳು.

"ಇದ್ದವು" ಎಂದ ತಾಳಕೇತು. "ಈಗ ಕೇಳು. ಅವರಿಗೆ ಬೆಳಗು ಸಿಕ್ಕಿದೆ, ಮಧ್ಯಾಹ್ನ ಸಿಕ್ಕಿಲ್ಲ. ಸೂರ್ಯ ನೆತ್ತಿಗೆ ಬಂದ ಕೂಡಲೆ ಬಾಯಲ್ಲಿ ತುತ್ತಿರುವಾಗಲೇ ಅವರೆಲ್ಲ ನಿದ್ದೆಹೋಗುತ್ತಾರೆ. ಎದ್ದಾಗ ಕೈಯಲ್ಲಿ ಸುತ್ತಿಗೆ. ಅರ್ಧ ರಜೆಯಿಂದ ಯಾರ ಮೈಯ ಕಂಚೂ ಇಳಿಯುವುದಿಲ್ಲ. ಈ ಮೀನು ರಾಜರಿಗೆ ಕೊಡು, ನಿನ್ನಪ್ಪನೊಬ್ಬನನ್ನು ನಾನು ಸರಿಮಾಡುತ್ತೇನೆ."

ಕಾಳಮ್ಮ ನೀರಿನ ಕಡೆ ತಿರುಗಿದಳು. ಮಡುವಿನಲ್ಲಿ ತಾಮ್ರದ ಹಲ್ಲಿನ ನೀರುನಾಯಿಯೊಂದು ಅಂಗಾತ ಮಲಗಿ ತೇಲುತ್ತಿತ್ತು.

"ದಾರ ಹುಳವನ್ನು ಎಳೆದರೆ ನನಗೆ ಗೊತ್ತಾಗುತ್ತೆ" ಎಂದಿತು ಅದು. "ಎರಡು ಸಲ ದಾರ ಕಚ್ಚುತ್ತೇನೆ. ಮೂರನೆಯ ಸಲ ನಿನ್ನ ಕುತ್ತಿಗೆ."

ಕಾಳಮ್ಮ ಹುಲ್ಲಿನಲ್ಲಿ ಕಾಲಾಡಿಸಿದಳು. ಮಿಡತೆಗಳು ಹಾರಿದವು, ಒಂದೆರಡು ಗಾಳಿಗೆ ನೀರಿನ ಮೇಲೆ ಬಿದ್ದವು. ಮಧ್ಯಾಹ್ನದ ಮೀನಿಗೆ ಅದೇ ಊಟ. ಅವಳು ಹಳದಿ ರೇಷ್ಮೆ, ನವಿಲುಗರಿಯ ಎರಡು ಎಳೆ ಸುತ್ತಿ ಮಿಡತೆ ಕಟ್ಟಿ ಬೀಸಿದಳು. ನಡುನೀರಿನ ಸೆಳೆತ ದಾರವನ್ನು ಎಳೆಯಿತು, ದಾರ ಹುಳವನ್ನು ಎಳೆಯಿತು. ನೀರುನಾಯಿ ಕಟುಕ್ಕೆಂದು ಕಚ್ಚಿತು.

"ಒಂದು" ಎಂದಿತು. "ಯಾವ ಮಿಡತೆ ಹೊಳೆಗೆ ಅಡ್ಡ ಈಜುತ್ತೆ, ಹೇಳು? ನಾನು ಹುಟ್ಟಿದಾಗಿನಿಂದ ನೀರಲ್ಲಿದೀನಿ, ನೋಡಿಲ್ಲ."

ಈ ಸಲ ಕಾಳಮ್ಮ ದಾರ ನೀರಿಗೆ ಬಿದ್ದ ಕೂಡಲೆ ಕೋಲಿನ ತುದಿಯಿಂದ ದಾರದ ನಡುವನ್ನು ಮೇಲೆತ್ತಿ ಹರಿವಿನ ಮೇಲ್ಗಡೆಗೆ ಹೊರಳಿಸಿ ಹಾಕಿದಳು. ಇದನ್ನು ರುದ್ರವ್ವ ಕಲಿಸಿದ್ದು. ದಾರ ಸಡಿಲಾಗಿ ಬಳುಕಿತು. ಮಿಡತೆ ಯಾರ ಹಂಗೂ ಇಲ್ಲದೆ ತೇಲಿತು. ನೀರುನಾಯಿ ಕಿವಿ ನಿಮಿರಿಸಿ ಕಾದಿತು, ಎಳೆತ ಬರಲಿಲ್ಲ. ಮೀನು ಎದ್ದು ನುಂಗಿತು.

ಮಧ್ಯಾಹ್ನದ ಮೀನು ಆಳಿನಷ್ಟು ಉದ್ದವಿತ್ತು. ದಂಡೆಗೆ ತರುವಷ್ಟರಲ್ಲಿ ಕಾಳಮ್ಮನ ಹೆಗಲು ಸೋತಿತು. ರಾಜ ತಟ್ಟೆ ಚಾಚಿದ. ಕಾಳಮ್ಮ ಕೆಳಗೆ ಊರಿನ ಕಡೆ ನೋಡಿದಳು. ಈ ಸಲ ಕೈ ತಾನೇ ಏನೂ ಮಾಡಲಿಲ್ಲ. ಅವಳು ಯೋಚಿಸಿ ಕೈ ಅದ್ದಿದಳು, ಯೋಚಿಸಿ ಕೊಕ್ಕೆ ಬಿಡಿಸಿದಳು, ಯೋಚಿಸಿ ಬಿಟ್ಟಳು.

"ಹಿಡಿಯಿರಿ ಅವಳನ್ನು!" ಎಂದು ರಾಜ ಕೂಗಿದ.

ಭಟರು ಕದಲಲಿಲ್ಲ. ಅವರೂ ಕಂಚುಗಾರರ ಮನೆಯ ಮಕ್ಕಳು. ಮೀಸೆ ದಪ್ಪಗಿದ್ದ ಒಬ್ಬ ಈಟಿಯನ್ನು ಮರಕ್ಕೆ ಒರಗಿಸಿ, "ಇವತ್ತು ಏಳನೇ ದಿನ, ಮಹಾಸ್ವಾಮಿ" ಎಂದ. "ಇವತ್ತು ನಾವು ಕೆಲಸ ಮಾಡಲ್ಲ."

"ನಾವು ರಾಜರು!"

"ಹೌದು. ನಾಳೆ ಬರ್ತೀವಿ" ಎಂದು ಹೇಳಿ ಅವನು ಹೊಳೆಯ ಕಡೆ ಹೊರಟ. ಉಳಿದ ತೊಂಬತ್ತೊಂಬತ್ತು ಜನ ಅವನ ಹಿಂದೆ ಹೋದರು.

ಮೂರನೆಯ ಮಡು ಎಲ್ಲಕ್ಕಿಂತ ಮೇಲಿತ್ತು, ಎಲ್ಲಕ್ಕಿಂತ ದೊಡ್ಡದಿತ್ತು. ಅಲ್ಲಿ ಸೂರ್ಯ ಬೆಟ್ಟದ ಅಂಚಿನಲ್ಲಿ ಮೊಳೆ ಹೊಡೆದಂತೆ ನಿಂತಿದ್ದ. ಕಾವಲಿಗೆ ಯಾವ ಮೃಗವೂ ಇರಲಿಲ್ಲ. ತಾಳಕೇತುವೇ ನಿಂತಿದ್ದ. ರಾಜ ಏದುಸಿರು ಬಿಡುತ್ತ ಒಬ್ಬನೇ ಹತ್ತಿಬಂದ. ಸಾವಿರಾರು ಜನರೂ ಹೊಳೆಯ ಜಾಡು ಹಿಡಿದು ಹತ್ತಿಬಂದರು. ಅವರಿಗೆ ಮಧ್ಯಾಹ್ನವಿತ್ತು, ಸಂಜೆಯಿರಲಿಲ್ಲ. ಅದೆಲ್ಲಿ ಎಂದು ಕೇಳಲು ಬಂದಿದ್ದರು. ಮುಂದೆ ರುದ್ರವ್ವ, ಈರಣ್ಣ. ಈರಣ್ಣನ ಬೆನ್ನ ಮೇಲೆ ಮೌನಾಚಾರಿ.

"ಅಬ್ಬ, ಈ ಮುದುಕ ಕೊಪ್ಪರಿಗೆಗಿಂತ ಭಾರ!" ಎಂದು ಈರಣ್ಣ ಅಪ್ಪನನ್ನು ದಂಡೆಯಲ್ಲಿ ಇಳಿಸಿದ. ನಗಲು ನೋಡಿದ, ಆಗಲಿಲ್ಲ. ಎರಡೂ ತೋಳು, ಎರಡೂ ಹೆಗಲು, ಎದೆಯ ಮೇಲ್ಭಾಗ ಎಲ್ಲ ಕಂಚು. ಹೃದಯಕ್ಕೆ ಇನ್ನು ಒಂದು ಬೆರಳಷ್ಟು ಜಾಗವಿತ್ತು.

"ಹುಡುಗಿ" ಎಂದ ರಾಜ. ಅವನ ದನಿ ಈಗ ಮೆತ್ತಗಿತ್ತು. "ಬೆಳಗು ಇಟ್ಟುಕೊಳ್ಳಿ, ಮಧ್ಯಾಹ್ನ ಇಟ್ಟುಕೊಳ್ಳಿ. ಸಂಜೆಯೊಂದನ್ನು ನಮಗೆ ಬಿಡಿ. ಸಂಜೆ ನೀವು ಹೇಗೂ ಮನೆಗೆ ಹೋಗುವ ಹೊತ್ತು."

"ಮನೆಗೆ ಹೋಗುವ ಹೊತ್ತೂ ನಮ್ಮದೇ" ಎಂದಳು ಕಾಳಮ್ಮ.

ಮಡುವಿನ ಮೇಲೆ ಸಣ್ಣ ಹುಳಗಳು ಹಿಂಡುಗಟ್ಟಿ ಮೇಲೆ ಕೆಳಗೆ ಕುಣಿಯುತ್ತಿದ್ದವು. ಗಾಜಿನಂಥ ರೆಕ್ಕೆ, ಮೂರು ಎಳೆಯ ಬಾಲ. ಅವು ರೆಕ್ಕೆ ಬಂದ ದಿನವೇ ಸಾಯುವ ಹುಳಗಳು. ಸಂಜೆಯ ಮೀನಿಗೆ ಬೇರೆ ಯಾವುದೂ ಬೇಡ. ಕಾಳಮ್ಮ ಪಾರಿವಾಳದ ಬೂದು ಗರಿ ಕಟ್ಟಿದಳು. ತಾಳಕೇತು ಬಾವಲಿಯಾಗಿ ಹಾರಿ ಅದನ್ನು ಗಾಳಿಯಲ್ಲೇ ಕಚ್ಚಿಕೊಂಡ. ಅವಳು ಎರಡನೆಯದನ್ನು ಕಟ್ಟಿದಳು. ಅದನ್ನೂ ಕಚ್ಚಿಕೊಂಡ. ಅವಳ ಬಳಿ ಇನ್ನೊಂದೇ ಕೊಕ್ಕೆ ಉಳಿದಿತ್ತು.

"ಅವನಿಗೂ ಆಡೋಕೆ ಕೊಡ್ರೋ" ಎಂದು ಈರಣ್ಣ ಜನರ ಕಡೆ ತಿರುಗಿ ಕೂಗಿದ.

ಸಾವಿರ ಕೋಲು ಒಟ್ಟಿಗೆ ಗಾಳಿಯಲ್ಲಿ ಬೀಸಿದವು. ಸಾವಿರ ಗರಿಹುಳ ಹಾರಿದವು. ಬಾವಲಿ ಅತ್ತ ಹಾರಿ, ಇತ್ತ ಹಾರಿ, ಯಾವುದನ್ನು ಕಚ್ಚಬೇಕೆಂದು ತಿಳಿಯದೆ ದಾರಗಳಲ್ಲಿ ಸಿಕ್ಕಿಬಿದ್ದು ದಂಡೆಗೆ ಉರುಳಿತು. ಕಾಳಮ್ಮನ ಬೂದು ಹುಳ ಮೆತ್ತಗೆ ನೀರಿಗಿಳಿಯಿತು. ಮಡು ಬಾಯಿ ತೆರೆದಂತೆ ತೆರೆಯಿತು.

ಸಂಜೆಯ ಮೀನು ದೋಣಿಯಷ್ಟಿತ್ತು. ಕುದುರೆಕೂದಲಿನ ದಾರ ಒಂದೊಂದೇ ಎಳೆ ಹರಿಯತೊಡಗಿತು. ರುದ್ರವ್ವ ಮಗಳ ಸೊಂಟ ಹಿಡಿದುಕೊಂಡಳು, ಅವಳ ಸೊಂಟವನ್ನು ಇನ್ನೊಬ್ಬಳು ಹಿಡಿದಳು. ಮೀನು ದಂಡೆಯ ಹತ್ತಿರ ಬಂತು. ತಾಳಕೇತು ಮತ್ತೆ ಮನುಷ್ಯನಾಗಿ ಎದ್ದ. "ನಮಗಿಲ್ಲದ್ದು ಯಾರಿಗೂ ಬೇಡ!" ಎಂದು ಕರಿಯ ಕೋಲನ್ನೆತ್ತಿ ಮೀನಿನ ತಲೆಗೆ ಹೊಡೆದ.

ಕೋಲು ಮುರಿಯಿತು. ಮೀನು ಸಾಯಲಿಲ್ಲ, ಸಾವಿರಾರು ಸಣ್ಣ ಚುಕ್ಕೆಮೀನುಗಳಾಗಿ ಮಡುವಿನ ತುಂಬ ಚೆದುರಿತು. ಬೆಟ್ಟದಂಚಿನ ಸೂರ್ಯ ಕದಲಿದ. ಅಷ್ಟು ದಿನ ನಿಂತಿದ್ದವನು ಇಳಿಯತೊಡಗಿದ.

ಕಾಳಮ್ಮ ಅವಸರದಲ್ಲಿ ಒಂದು ಮೀನು ಹಿಡಿದಳು. ತಂದು ಅಪ್ಪನ ಕೈಗಿಟ್ಟಳು. ಮೀನು ಅವನ ಅಂಗೈಯಲ್ಲಿ ನೀರಾಗಿ ಸೋರಿಹೋಯಿತು. ಅವನ ಮೈಯ ಕಂಚು ಹಾಗೇ ಇತ್ತು. ಕಾಳಮ್ಮನ ಬೆರಳ ತುದಿಯಲ್ಲಿದ್ದ ಕಂಚು ಮಾತ್ರ ಉದುರಿತು. ಪಕ್ಕದಲ್ಲಿ ರುದ್ರವ್ವ ಒಂದು ಹಿಡಿದಳು, ಅವಳ ಅಂಗೈ ಹಗುರಾಯಿತು. ಈರಣ್ಣ ಮರಕ್ಕೆ ಸಿಕ್ಕಿಸದೆ ಒಂದು ಹಿಡಿದ, ಅವನ ಮೊಣಕೈ ಮತ್ತೆ ಮಡಚಲು ಬಂತು. ಯಾರ ಸಂಜೆಯನ್ನು ಅವರೇ ಹಿಡಿಯಬೇಕಿತ್ತು.

"ಅಪ್ಪನೇ ಹಿಡೀಬೇಕು" ಎಂದಳು ಕಾಳಮ್ಮ.

"ಕೈ ಹೇಗೆ ಮಡಿಸ್ತಾರೆ? ಮೀನು ಕಚ್ಚಿದರೆ ಬೆರಳಿಗೆ ಹೇಗೆ ಗೊತ್ತಾಗುತ್ತೆ?" ಎಂದ ಈರಣ್ಣ. "ಕೂಗಿ ಹೇಳೋಣ ಅಂದರೆ ಕಿವಿಯಿಲ್ಲ."

"ಹೆಗಲು ಹಿಡಿ. ಮಾತು ಕಡಿಮೆಮಾಡು" ಎಂದಳು ರುದ್ರವ್ವ.

ಕಾಳಮ್ಮ ಅಪ್ಪನ ಮುಷ್ಟಿಯೊಳಗೆ ಬಿದಿರ ಕೋಲು ತೂರಿಸಿ ದಾರದಿಂದ ಬಿಗಿದಳು. ಅವನ ಚಪ್ಪಲಿ ಬಿಚ್ಚಿಸಿ, ಬಲಗಾಲಿನ ಮೇಲೆ ತನ್ನ ಕಾಲಿಟ್ಟು ಒಮ್ಮೆ ಒತ್ತಿದಳು. ಮೌನಾಚಾರಿ ಅವಳ ಮುಖ ನೋಡಿದ. ಕಾಲಿನ್ನೂ ಚರ್ಮದ ಕಾಲೇ. ಅವನಿಗೆ ಅರ್ಥವಾಯಿತು.

ರುದ್ರವ್ವ ಒಂದು ಕಡೆ, ಈರಣ್ಣ ಒಂದು ಕಡೆ ಹೆಗಲು ಹಿಡಿದು ಹಿಂದಕ್ಕೆ ತಂದರು, ಮುಂದಕ್ಕೆ ದೂಡಿದರು. ಕೋಲು ಬೀಸುವವರೆಲ್ಲ ಮಾಡುವ ತಪ್ಪು ಒಂದೇ: ಮಣಿಕಟ್ಟು ಬಗ್ಗಿಸುತ್ತಾರೆ, ದಾರ ನೀರಿಗೆ ಬಡಿಯುತ್ತದೆ. ಕಂಚಿನ ಮಣಿಕಟ್ಟು ಬಗ್ಗಲಿಲ್ಲ. ದಾರ ಸುರುಳಿ ಬಿಚ್ಚಿಕೊಂಡು ನೇರ ಹೋಗಿ, ಬೂದು ಹುಳವನ್ನು ಮಡುವಿನ ನಡುವೆ ಇಟ್ಟು ಬಂತು. ಮೌನಾಚಾರಿ ಹುಟ್ಟಿದಮೇಲೆ ಅಷ್ಟು ಚೆನ್ನಾಗಿ ಬೀಸಿರಲಿಲ್ಲ.

ಸೂರ್ಯ ಅರ್ಧ ಮುಳುಗಿದ. ಹುಳ ತೇಲಿತು. ಮೀನು ಬರಲಿಲ್ಲ. ಮತ್ತೆ ಬೀಸಿದರು. ಸೂರ್ಯ ಉಗುರಿನಷ್ಟು ಉಳಿದ. ರುದ್ರವ್ವ ಗಂಡನ ಎದೆಯ ಮೇಲೆ ಕೈಯಿಟ್ಟಿದ್ದಳು. ಅವಳ ಬೆರಳಿನ ಕೆಳಗೆ ಬಿಸಿ ಮೈ ತಣ್ಣಗಾಗುತ್ತ ಬಂತು. "ಕಾಳಿ" ಎಂದಳು. ಮೂರನೆಯ ಸಲ ಬೀಸಿದರು. ಬೂದು ಹುಳದ ಪಕ್ಕ ನೀರು ಬಟ್ಟಲಿನಷ್ಟು ಗುಂಡಗೆ ನಡುಗಿತು. ಹುಳ ಮಾಯವಾಯಿತು.

ಕಾಳಮ್ಮ ಮೈಯ ಭಾರವನ್ನೆಲ್ಲ ಬಿಟ್ಟು ಅಪ್ಪನ ಕಾಲು ತುಳಿದಳು.

ಮೌನಾಚಾರಿ ಇಡೀ ಮೈಯಿಂದ ಹಿಂದಕ್ಕೆ ವಾಲಿದ. ಕೋಲು ಬಾಗಿತು. ಗೇಣುದ್ದದ ಮೀನೊಂದು ಮಿಂಚುತ್ತ ದಂಡೆಗೆ ಬಂತು. ಆ ಕ್ಷಣವೇ ಅವನ ಎದೆಯ ಮೇಲೆ ಗೆರೆಯೊಂದು ಓಡಿತು. ಎರಕ ಆರಿದ ಮೇಲೆ ಮಣ್ಣಿನ ಅಚ್ಚು ಬಿರಿಯುವಂತೆ ಕಂಚು ಬಿರಿಯಿತು. ಎದೆಯಿಂದ, ಹೆಗಲಿನಿಂದ, ತೋಳಿನಿಂದ ಚಕ್ಕೆಚಕ್ಕೆಯಾಗಿ ಕಲ್ಲುಗಳ ಮೇಲೆ ಬಿತ್ತು. ಒಳಗೆ ಬೆವೆತ ಮನುಷ್ಯನಿದ್ದ. ಅವನು ಉಸಿರೆಳೆದುಕೊಂಡ. ಮಡುವಿನ ನೀರು ಕಲ್ಲಿನ ಮೇಲಿಂದ ಕೆಳಗಿಳಿಯುವ ಸದ್ದನ್ನು ತಲೆ ಓರೆಮಾಡಿ ಸ್ವಲ್ಪ ಹೊತ್ತು ಕೇಳಿದ.

"ಅಪ್ಪ?" ಎಂದಳು ಕಾಳಮ್ಮ.

"ಕಾಲು ತೆಗಿಯೇ ಕತ್ತೆ" ಎಂದ ಮೌನಾಚಾರಿ. "ಮೀನು ದಂಡೆಗೆ ಬಂದಾಯ್ತು."

ಸೂರ್ಯ ಮುಳುಗುವ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಸಂಜೆ ಹಿಡಿದಾಗಿತ್ತು. ರಾಜನಿಗೂ ತಾಳಕೇತುವಿಗೂ ಮಾತ್ರ ಆ ಮಡುವಿನಲ್ಲಿ ಮೀನಿರಲಿಲ್ಲ. ಒಂದು ದಿನವೂ ದುಡಿಯದವರಿಗೆ ಬಿಡುವಿನ ದಿನ ಎಲ್ಲಿಂದ ಬರಬೇಕು? ಕದ್ದ ದಿನಗಳೊಳಗೇ ತಾಳಕೇತು ಇಷ್ಟು ಕಾಲ ನಿಂತಿದ್ದ. ಅವೆಲ್ಲ ಹೋದಮೇಲೆ ನಿಲ್ಲಲು ಅವನಿಗೆ ಹೊತ್ತೇ ಉಳಿಯಲಿಲ್ಲ. ಅವನಿದ್ದ ಜಾಗದಲ್ಲಿ ಮುರಿದ ಕೋಲೊಂದು ಬಿದ್ದಿತ್ತು. ಮಾರನೆಯ ದಿನ ಯಾರೋ ಅದನ್ನು ಕುಲುಮೆಗೆ ಹಾಕಿದರು. ಚೆನ್ನಾಗಿ ಉರಿಯಿತು.

ಮಾರನೆಯ ದಿನ ಭಟರು ಹೇಳಿದಂತೆ ಅರಮನೆಗೆ ಬಂದರು. ಅಜರಸೇನನ ಕಿರೀಟ ತೆಗೆದಿಟ್ಟು, ಕೈಗೆ ತಿದಿಯ ಹಗ್ಗ ಕೊಟ್ಟು ಮೌನಾಚಾರಿಯ ಕುಲುಮೆಯಲ್ಲಿ ಕೂರಿಸಿದರು. ಅವನು ಮೂರು ದಿನ ಅತ್ತ, ನಾ‌ಲ್ಕನೆಯ ದಿನ ತಿದಿ ಎಳೆಯುವುದನ್ನು ಕಲಿತ. ಅವನನ್ನು ಯಾರೂ ಹೊಡೆಯಲಿಲ್ಲ. ಆರು ದಿನ ದುಡಿದ ಮೇಲೆ ಏಳನೆಯ ದಿನ ಬುತ್ತಿ ಕಟ್ಟಿಕೊಟ್ಟು ಹೊಳೆಗೆ ಕಳಿಸಿದರು. ರಾಜರಿಗೆ ಆ ರಾಜ್ಯದಲ್ಲಿ ಮತ್ತೆ ಕೆಲಸವಿರಲಿಲ್ಲ.

ಮಂಜರಗಡದ ಜನ ಆಮೇಲೆ ಸುಖವಾಗಿದ್ದರು. ಆರು ದಿನ ಅಷ್ಟೇನೂ ಇಲ್ಲ, ಕಂಚು ಬಡಿಯುವುದು ಕಷ್ಟದ ಕೆಲಸ. ಏಳನೆಯ ದಿನ ಮಾತ್ರ ಪೂರ್ತಿ ಸುಖವಾಗಿದ್ದರು, ಬೆಳಗಿನಿಂದ ಸಂಜೆಯವರೆಗೆ.